ನಕ್ಷೆಯಿಂದ ಕಿತ್ತ ಕೋಣೆ

"ಅಯ್ಯೋ, ನಿಲ್ಲಿ! ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ಸತ್ತೇ ಹೋಗ್ತೀರಾ!"

ಗೋದಾಮಿನ ಬಾಗಿಲು ದಾಟಿ ಬರುತ್ತಿದ್ದವನ ಎದೆ ಧಸಕ್ಕೆಂದಿತು. ಎತ್ತಿದ ಕಾಲು ಎತ್ತಿದ ಹಾಗೆಯೇ ನಿಂತಿತು. ಹಾವೇ? ಕಿತ್ತುಬಂದ ಕರೆಂಟಿನ ತಂತಿಯೇ? ಗಾಬರಿಯಿಂದ ಕೆಳಗೆ ನೋಡಿದ.

ಏನೂ ಇರಲಿಲ್ಲ. ಒರಟು ಸಿಮೆಂಟು ನೆಲ, ಅದರ ಮೇಲೆ ಉದ್ದಕ್ಕೂ ಅಂಟಿಸಿದ ಹಳದಿ ಟೇಪು... ಅಷ್ಟೇ!

"ಈ ಟೇಪಿಗಾ ಇಷ್ಟು ಕೂಗಿದ್ದು?" ಎನ್ನುತ್ತಾ ಅವನು ದಾಟಿಯೇಬಿಟ್ಟ.

ಮಂಡಿಯೂರಿ ಕೂತಿದ್ದ ಹುಡುಗಿ ಟೇಪಿನ ಸುರುಳಿ ಹಿಡಿದುಕೊಂಡೇ ಎದ್ದು ನಿಂತಳು. ಅವಳ ಮುಖ ನೋಡಿದರೆ ನಿಜವಾಗಿಯೂ ಯಾರೋ ಸತ್ತಿದ್ದಾರೆ ಅನ್ನಬೇಕು, ಹಾಗಿತ್ತು.

"ಸತ್ರಿ. ಅದು ನೌಕೆಯ ಹೊರಗೋಡೆ. ಅದನ್ನ ಒಡ್ಕೊಂಡು ಒಳಗೆ ಬಂದ್ರಿ. ಒಳಗಿದ್ದ ಗಾಳಿ ಎಲ್ಲಾ ಆಚೆ ಹೋಯ್ತು. ನಿದ್ದೆ ಮಾಡ್ತಿದ್ದ ಸಿಬ್ಬಂದಿನೂ ಹೋದ್ರು. ಸಮಾಧಾನ ಆಯ್ತಾ?"

"ನಾನಾ?!"

"ಮತ್ತೆ ನಾನಾ?"

ಮೂಲೆಯ ಏಣಿಯ ಮೇಲಿಂದ ಒಂದು ದನಿ ಕೇಳಿಸಿತು. ಎಲ್ಲರೂ ಬಡಗಿ ಮಾವ ಎಂದು ಕರೆಯುವ ಹಿರಿಯರು ಅವರು. "ಗೋಡೆ ದಾಟಿ ಸತ್ತವರು ಎಲ್ಲರಿಗೂ ಟೀ ತರಬೇಕು ಸ್ವಾಮಿ. ಇದು ಇಲ್ಲಿನ ಕಾನೂನು. ನನಗೆ ಸಕ್ಕರೆ ಜಾಸ್ತಿ ಇರ್ಲಿ."

ಬಂದವನು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದ. ಆಮೇಲೆ ಮೆಲ್ಲನೆ ನಕ್ಕ.

"ತರ್ತೀನಿ. ಆದ್ರೆ ಒಂದು ವಿಷಯ ಮೇಡಂ... ನೀವೀಗ ಸಾಯಿಸಿದ್ದು ಈ ಧಾರಾವಾಹಿ ಬರೆಯೋವ್ನನ್ನ."

ಈಗ ಬೆಚ್ಚಿಬೀಳುವ ಸರದಿ ಅವಳದು! ಕೈಯಲ್ಲಿದ್ದ ಸುರುಳಿ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು.

ಕಥೆಗಾರ! ಇಷ್ಟು ದಿನ ಅವಳು ಯಾರ ಕಥೆ ಓದಿಕೊಂಡು ಗೆರೆ ಎಳೆಯುತ್ತಿದ್ದಳೋ, ಅದೇ ಕಥೆಗಾರ! ಬೋಳುತಲೆಯ ಮುದುಕ ಇರಬೇಕು ಎಂದುಕೊಂಡಿದ್ದಳು, ಪಾಪ.

*

ವಿಷಯ ಇಷ್ಟು. ಅದೊಂದು ಟೀವಿ ಧಾರಾವಾಹಿ. ಭೂಮಿ ಬಿಟ್ಟು ದೂರದ ನಕ್ಷತ್ರಕ್ಕೆ ಹೊರಟ ನೌಕೆಯ ಕಥೆ. ಆ ನೌಕೆಯ ಒಳಗು ಹೇಗಿರಬೇಕು, ಯಾವ ಅಂತಸ್ತಿನಲ್ಲಿ ಏನಿರಬೇಕು, ಸಿಬ್ಬಂದಿ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂದು ನಕ್ಷೆ ಬರೆಯುವುದು ನಮ್ಮ ಹುಡುಗಿಯ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ನಕ್ಷೆಯವಳು.

ಕಾಗದದ ಮೇಲೆ ಬರೆದು ಕೈತೊಳೆದುಕೊಳ್ಳುವ ಜಾಯಮಾನ ಅವಳದಲ್ಲ. ಬಡಗಿ ಮಾವ ಪ್ಲೈವುಡ್ ಎತ್ತಿ ನಿಲ್ಲಿಸುವ ಮೊದಲು ಇಡೀ ಅಂತಸ್ತನ್ನು ನಿಜವಾದ ಅಳತೆಯಲ್ಲಿ ನೆಲದ ಮೇಲೆ ಟೇಪಿನಲ್ಲಿ ಎಳೆಯಬೇಕು. ಹಳದಿ ಎಂದರೆ ಗೋಡೆ, ಕೆಂಪು ಎಂದರೆ ಬಾಗಿಲು. ಎಲ್ಲರೂ ಅದರೊಳಗೇ ಓಡಾಡಬೇಕು, ಅದರೊಳಗೇ ಡಬ್ಬಿ ಬಿಚ್ಚಿ ಊಟ ಮಾಡಬೇಕು. ಯಾರ ಮೊಣಕೈ ಯಾರಿಗೆ ತಾಗುತ್ತದೆ ಎನ್ನುವುದು ಆಗಲೇ ಗೊತ್ತಾಗುವುದು.

"ಅಡುಗೆಯವರಿಗೆ ಕೆಳಗಿನ ಮಂಚ ಯಾಕೆ?" ಎಂದು ಕಥೆಗಾರ ಮೊದಲ ದಿನವೇ ಕೇಳಿದ.

"ದಿನವೆಲ್ಲಾ ನಿಂತು ಅವರ ಕಾಲು ಊದ್ಕೊಂಡಿರುತ್ತೆ. ಮೇಲೆ ಹತ್ತಿಸ್ತೀರಾ?"

"ಅವರ ಕಾಲು ಊದುತ್ತೆ ಅಂತ ನಾನು ಬರ್ದೇ ಇಲ್ವಲ್ಲ!"

"ಬರ್ದಿಲ್ಲ. ಅದಕ್ಕೇ ನಾನು ನೋಡ್ಕೊಂಡೆ."

ಅವನು ಬೆಕ್ಕಸಬೆರಗಾಗಿ ನಿಂತುಬಿಟ್ಟ. ತಾನು ಹೆಸರಷ್ಟೇ ಬರೆದಿದ್ದ ಜನರಿಗೆ ಇವಳು ಟವೆಲ್ ಒಣಹಾಕುವ ಜಾಗ ಕೊಟ್ಟಿದ್ದಳು. ಗೊರಕೆ ಹೊಡೆಯುವ ಇಂಜಿನಿಯರನ್ನು ಯಂತ್ರದ ಸದ್ದಿನ ಪಕ್ಕ ಹಾಕಿದ್ದಳು, ಯಾರಿಗೂ ತೊಂದರೆ ಆಗದಿರಲಿ ಎಂದು. ಎಲ್ಲರಿಗೂ ಒಂದೊಂದು ಕಿಟಕಿ ಇಟ್ಟಿದ್ದಳು. ಎಲ್ಲರಿಗೂ!

ಆಮೇಲೆ ಅವನು ಮನೆಯಲ್ಲಿ ಕೂತು ಬರೆಯುವುದನ್ನೇ ಬಿಟ್ಟ. ದಿನಾ ಗೋದಾಮಿಗೆ ಬರುವುದು, ಟೇಪಿನ ಓಣಿಯಲ್ಲಿ ನಡೆಯುವುದು, ನಡೆಯುತ್ತಾ ಮಾತು ಕಟ್ಟುವುದು. ಮೈಮರೆತು ಗೋಡೆಗಳನ್ನು ದಾಟುತ್ತಲೇ ಇದ್ದ. ಎದುರಿನ ಅಂಗಡಿಯವನಿಗೆ ಟೀ ವ್ಯಾಪಾರ ಜೋರಾಯಿತು.

ಒಂದು ದಿನ ಹೊಸ ಕಂತು ಓದಿ ಗೋದಾಮೆಲ್ಲಾ ಗೊಳ್ಳೆಂದು ನಕ್ಕಿತು. ನೌಕೆಯ ಸಿಬ್ಬಂದಿಯಲ್ಲಿ ಇಬ್ಬರು ಹೊಸಬರು ಸೇರಿದ್ದರು. ಸ್ಕೇಲು ಕೈಯಲ್ಲಿದ್ದರೂ ಗೇಣು ಹಾಕಿ ಅಳೆಯುವ, ಸಿಟ್ಟು ಮೂಗಿನ ತುದಿಯಲ್ಲೇ ಇರುವ, ನಕ್ಷತ್ರಗಳ ನಕ್ಷೆ ಕಾಯುವ ಹೆಣ್ಣು ಒಬ್ಬಳು. ಥೇಟ್ ಕಥೆಗಾರನಂತೆ ಎಲ್ಲೆಂದರಲ್ಲಿ ಟೀ ಚೆಲ್ಲುವ ರೇಡಿಯೋದವನು ಇನ್ನೊಬ್ಬ.

"ಇದು ಯಾರಪ್ಪಾ ಈ ಸಿಟ್ಟಿನವಳು, ನಮಗಂತೂ ಗೊತ್ತೇ ಆಗ್ಲಿಲ್ಲ!" ಎಂದು ಬಡಗಿ ಮಾವ ಕಣ್ಣು ಮಿಟುಕಿಸಿದರು.

ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟು ಬಂದವಳ ಹಾಗೆ ಮುಖ ತಿರುಗಿಸಿಕೊಂಡಳು. ಸಿಟ್ಟೆಲ್ಲಿ ಬಂತು? ಎದೆ ಹೊಡೆದುಕೊಳ್ಳುತ್ತಿದ್ದುದು ಅವಳಿಗೇ ಕೇಳುತ್ತಿತ್ತು.

ಆ ಇಬ್ಬರಿಗೂ ಅವಳು ಅಕ್ಕಪಕ್ಕದ ಕೋಣೆ ಬರೆದಳು. ತನ್ನ ಹೆಸರಿನ ಆ ಚಿಕ್ಕ ಕೋಣೆಯ ಟೇಪು ಹಚ್ಚಿ ಮುಗಿಸಿ ಅದರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ತುಂಬಾ ಹೊತ್ತು ಏಳಲೇ ಇಲ್ಲ.

"ಯಾಕ್ರೀ, ಏನಾಯ್ತು?" ಪಕ್ಕದ ಕೋಣೆಯಿಂದ ಅವನು ಕೇಳಿದ.

"ನಗಬೇಡಿ ಮತ್ತೆ..." ಅವಳು ತಲೆ ಎತ್ತಲಿಲ್ಲ. "ನಮ್ಮನೇಲಿ ಇರೋದು ಒಂದೇ ರೂಮು. ಅಮ್ಮ, ಅಜ್ಜಿ, ನಾನು. ಹುಟ್ಟಿದಾಗಿಂದ ನಂದು ಅಂತ ಒಂದು ಬಾಗಿಲು ಹಾಕ್ಕೊಂಡವಳಲ್ಲ ನಾನು. ಅಳೋದಿದ್ರೂ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ಬೇಕು. ಊರವರಿಗೆಲ್ಲಾ ಮನೆ, ಹಡಗು, ಅರಮನೆ ಬರ್ದು ಕೊಟ್ಟಿದೀನಿ... ಇದು ನನ್ನ ಮೊದಲನೇ ಕೋಣೆ."

ಅವನು ನಗಲಿಲ್ಲ. ಇನ್ನೇನು ಮಾತು ಹೊರಡಬೇಕು, ಅಷ್ಟರಲ್ಲಿ ನಿರ್ದೇಶಕಿ ಒಳಗೆ ಬಂದರು. ಗೋದಾಮಿನ ಮಂದಿ ಬೆನ್ನ ಹಿಂದೆ ಅವರನ್ನು ಹೆಡ್ಮಿಸ್ಸು ಎನ್ನುತ್ತಿದ್ದರು. ಅವರ ಎದುರು ಪ್ರೇಮ ಗೀಮ ಎಲ್ಲಿಂದ ಹುಟ್ಟಬೇಕು!

ಆದರೆ ಅವಳಿಗೆ ಗೊತ್ತಾಗಿತ್ತು. ಅವನಿಗೂ ಗೊತ್ತಾಗಿದೆ ಎಂದು ನಂಬಿದ್ದಳು.

*

ಹಾಗಾಗಿಯೇ, ಆ ಸೋಮವಾರ ಬೆಳಿಗ್ಗೆ ಗೋದಾಮಿಗೆ ಕಾಲಿಟ್ಟಾಗ ಕಂಡದ್ದನ್ನು ಅವಳ ಕಣ್ಣು ನಂಬಲಿಲ್ಲ.

ಕಥೆಗಾರ ಮಂಡಿಯೂರಿ ಕೂತಿದ್ದ. ಅವಳ ಕೋಣೆಯಲ್ಲಿ. ಉಗುರಿನಿಂದ ಟೇಪನ್ನು ಎಬ್ಬಿಸಿ ಎಬ್ಬಿಸಿ ಕೀಳುತ್ತಿದ್ದ! ಮೂರು ಗೋಡೆ ಆಗಲೇ ಹೋಗಿತ್ತು. ಅವನ ಪಕ್ಕದಲ್ಲಿ ಮುದ್ದೆಯಾದ ಹಳದಿ ಟೇಪಿನ ರಾಶಿ.

"ಏನ್... ಏನ್ ಮಾಡ್ತಿದೀರಾ?"

ಅವನು ಬೆಚ್ಚಿ ತಿರುಗಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ ಅದು.

"ನೀವು ಬರೋದ್ರೊಳಗೆ ಮುಗಿಸ್ಬೇಕು ಅಂತ..."

"ಏನನ್ನ ಮುಗಿಸ್ಬೇಕು ಅಂತ?!"

ಅವನು ನೆಲ ನೋಡುತ್ತಾ ಹೇಳಿದ. "ಕಥೆ ಬದಲಾಗಿದೆ. ನಕ್ಷೆಯವಳು ನೌಕೆ ಹತ್ತೋದಿಲ್ಲ. ಭೂಮಿ ಮೇಲೇ ಉಳೀತಾಳೆ. ಈ ಜಾಗ ಸಾಮಾನಿನ ಕೋಣೆ ಆಗುತ್ತೆ."

ಸಾಮಾನಿನ ಕೋಣೆ!

ಅವಳಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು.

"ಯಾರು ಹೇಳಿದ್ದು? ಹೆಡ್ಮಿಸ್ಸಾ?"

"ಅಲ್ಲ... ನಾನೇ."

"ಯಾಕೆ?"

ಅವನು ಟೇಪಿನ ರಾಶಿಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಯಾಕೆ ಅಂತ ಕೇಳ್ತಿದೀನಿ! ನನ್ನ ಕೆಲಸ ಸರಿ ಇಲ್ವಾ? ನಾನು ಏನಾದ್ರೂ ತಪ್ಪು ಮಾತಾಡಿದ್ನಾ?"

"ಇಲ್ಲ."

"ಮತ್ತೆ?"

"ಹೇಳೋಕಾಗಲ್ಲ. ದಯವಿಟ್ಟು ಕೇಳ್ಬೇಡಿ."

ಹೇಳಲಾಗದ್ದು ಏನಿರುತ್ತದೆ? ಅವಳ ತಲೆ ತನಗೆ ತಾನೇ ಉತ್ತರ ಕಟ್ಟಿಕೊಂಡಿತು. ಹತ್ತಿರ ಬಂದೆ ಅನ್ನಿಸಿರಬೇಕು. ಸಲಿಗೆ ಜಾಸ್ತಿಯಾಯಿತು ಅನ್ನಿಸಿರಬೇಕು. ಊರೆಲ್ಲಾ ನಗುತ್ತಿದೆ, ಇವಳನ್ನು ದೂರ ಇಡೋಣ ಎಂದು... ಅಯ್ಯೋ, ನಾನೆಂಥ ಪೆದ್ದಿ!

"ನಿಮಗೆ ಹೇಳಿದ್ನಲ್ಲ..." ಅವಳ ದನಿ ಒಡೆಯಿತು. "ಇದು ನನ್ನ ಮೊದಲನೇ ಕೋಣೆ ಅಂತ ನಿಮಗೊಬ್ಬರಿಗೇ ಹೇಳಿದ್ದು. ಬೇರೆ ಯಾರಾದ್ರೂ ಕಿತ್ತಿದ್ರೆ ಸಹಿಸ್ಕೋತಿದ್ದೆ."

"ಅದಕ್ಕೇ ಬೇರೆಯವರ ಕೈಗೆ ಬಿಡ್ಲಿಲ್ಲ," ಎಂದ ಅವನು, ಬಹಳ ಸಣ್ಣ ದನಿಯಲ್ಲಿ.

ಅದು ಅವಳಿಗೆ ಗಾಯದ ಮೇಲೆ ಬರೆ ಎಳೆದ ಹಾಗೆ ಕೇಳಿಸಿತು. "ದೊಡ್ಡ ಉಪಕಾರ ಆಯ್ತು! ಇನ್ನು ಜನ್ಮದಲ್ಲಿ ನನ್ನ ಮಾತಾಡಿಸ್ಬೇಡಿ!"

ಸರ್ರನೆ ತಿರುಗಿ ಹೊರಟೇಬಿಟ್ಟಳು. ಅಡುಗೆಕೋಣೆ, ಡಾಕ್ಟರ ಕೋಣೆ, ಹೊರಗೋಡೆ, ಎಲ್ಲವನ್ನೂ ತುಳಿದುಕೊಂಡು. ಬಡಗಿ ಮಾವ ಬಾಯಿ ತೆರೆದವರು ಮುಚ್ಚಿಕೊಂಡರು. ಆ ಹೊತ್ತಿನಲ್ಲಿ ಟೀ ಕೇಳುವ ಧೈರ್ಯ ಯಾರಿಗಿದೆ?

*

ಮಧ್ಯಾಹ್ನಕ್ಕೇ ಮನೆಗೆ ಬಂದವಳು ನೇರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ಬಡಿದ ಸದ್ದು.

"ಬಕೆಟ್ ತುಂಬಿ ಹರೀತಾ ಇದೆ ಪುಟ್ಟೀ," ಅಮ್ಮನ ದನಿ. "ನೀರು ನಿಲ್ಸು. ಅಳೋದಾದ್ರೆ ಆಚೆ ಬಂದು ಅಳು. ನಾನೂ ಅಜ್ಜಿನೂ ಬೇಕಾದ್ರೆ ಗೋಡೆ ಕಡೆ ತಿರುಗ್ಕೊಂಡು ಕೂತಿರ್ತೀವಿ."

ಅಷ್ಟು ದುಃಖದಲ್ಲೂ ಅವಳಿಗೆ ನಗು ಬಂತು. ಹೊರಗೆ ಬಂದು ಅಮ್ಮನ ಮಡಿಲಲ್ಲಿ ತಲೆಯಿಟ್ಟಳು.

"ಯಾರೇ ಅವನು?"

"ಯಾರೂ ಅಲ್ಲಮ್ಮ. ಕಥೆ ಬರೆಯೋವ್ನು. ನನ್ನನ್ನ ಕಥೆಯಿಂದ ಆಚೆ ಹಾಕಿದ."

"ಹಾಕಿದ್ರೆ ಹಾಕ್ಲಿ. ಯಾಕೆ ಹಾಕಿದ ಅಂತ ಹೇಳಿದ್ನಾ?"

"ಇಲ್ಲ."

"ಕಾರಣ ಹೇಳ್ದೆ ಆಚೆ ಹಾಕಿದೋನ ಜೊತೆ ಕೆಲಸ ಮಾಡ್ಬೇಡ," ಎಂದು ಅಮ್ಮ ಅವಳ ತಲೆ ಸವರಿದರು. "ಆದ್ರೆ ಬಿಟ್ಟು ಬರೋ ಮೊದ್ಲು ಕಾರಣ ಕೇಳ್ಕೊಂಡು ಬಾ. ಇಲ್ದಿದ್ರೆ ಜೀವನ ಪೂರ್ತಿ ನೀನೇ ಒಂದೊಂದು ಕಾರಣ ಹುಡುಕ್ತಾ ಇರ್ತೀಯಾ."

ಮರುದಿನ ಅವಳು ಸೀದಾ ಹೆಡ್ಮಿಸ್ಸಿನ ಕೋಣೆಗೆ ಹೋದಳು.

"ನಾನು ಕೆಲಸ ಬಿಡ್ತಿದೀನಿ ಮೇಡಂ."

ನಿರ್ದೇಶಕಿ ಕನ್ನಡಕವನ್ನು ತಲೆಯ ಮೇಲಕ್ಕೇರಿಸಿದರು. "ಕೂತ್ಕೋ."

"ಬೇಡ ಮೇಡಂ."

"ಕೂತ್ಕೋ ಅಂದೆ."

ಕೂತಳು. ಹೆಡ್ಮಿಸ್ಸು ಎಂದರೆ ಸುಮ್ಮನೆಯೇ?

"ಆ ಕೋಣೆ ವಿಷಯ ತಾನೆ?" ನಿರ್ದೇಶಕಿ ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು. "ಹೇಗೂ ನಿನಗೆ ಹೇಳಲೇಬೇಕಿತ್ತು. ಒಡೆಯೋದು ಯಾವ ಗೋಡೆ ಅಂತ ನೀನೇ ತಾನೆ ಬರೀಬೇಕು. ಹೊರಗೆ ಒಂದು ಮಾತು ಹೋದ್ರೂ ಧಾರಾವಾಹಿ ಮುಳುಗುತ್ತೆ, ತಿಳೀತಾ?"

"ಒಡೆಯೋದು? ಏನು ಒಡೆಯೋದು?"

"ನೌಕೆ. ಕೊನೇ ಕಂತಲ್ಲಿ ಒಡೆದುಹೋಗುತ್ತೆ. ಒಬ್ಬರೂ ಬದುಕಲ್ಲ."

ಅವಳು ಕುರ್ಚಿಯ ತುದಿಗೆ ಸರಿದಳು.

"ಒಬ್ಬರೂ... ಅಂದ್ರೆ ಅಡುಗೆಯವರು?"

"ಹೌದು."

"ಡಾಕ್ಟ್ರು? ಗೊರಕೆ ಇಂಜಿನಿಯರು?"

"ಎಲ್ಲರೂ. ನೀನು ಎಲ್ಲರಿಗೂ ಕಿಟಕಿ ಕೊಟ್ಟೆ. ಅದಕ್ಕೆ ಕೋಣೆಗಳೆಲ್ಲಾ ಅಂಚಿಗೆ ಹೋದವು, ನಡುವೆ ಒಂದೇ ಓಣಿ ಉಳೀತು. ತಪ್ಪಿಸಿಕೊಳ್ಳೋ ದೋಣಿಗಳಿಗೆ ಹೋಗೋಕೆ ಅದೊಂದೇ ದಾರಿ. ಆಕಾಶದ ಬಂಡೆ ಬಂದು ಬಡಿಯೋದು ಸರಿಯಾಗಿ ಅಲ್ಲಿಗೇ."

ಅವಳ ಕೈ ತನಗೆ ತಾನೇ ಬಾಯಿಗೆ ಹೋಯಿತು. ತನ್ನ ನಕ್ಷೆ! ಪ್ರೀತಿಯಿಂದ ಇಟ್ಟ ಕಿಟಕಿಗಳು! ಊದಿದ ಕಾಲಿಗೆಂದು ಕೆಳಗೆ ಹಾಕಿದ ಆ ಮಂಚದಿಂದ ಅಡುಗೆಯವರು ಎದ್ದು ಓಡಿ, ಓಣಿಯ ಅರ್ಧಕ್ಕೆ...

"ನಕ್ಷೆಯವಳೂ ಸಾಯ್ಬೇಕು ಅಂತ ನಾನಂದೆ," ನಿರ್ದೇಶಕಿ ಮುಂದುವರಿಸಿದರು. "ಜನ ಅವಳಿಗೇ ಜಾಸ್ತಿ ಅಳೋದು. ಇವನು ಒಪ್ಪಲೇ ಇಲ್ಲ. ಸತಾಯಿಸಿಬಿಟ್ಟ. 'ಬೇರೆ ಯಾರನ್ನ ಬೇಕಾದ್ರೂ ಸಾಯಿಸ್ತೀನಿ ಮೇಡಂ, ಅವಳ ಸಾವು ಬರೆಯೋಕೆ ನನಗೆ ಕೈ ಬರಲ್ಲ' ಅಂದ. ನೌಕೇಲಿದ್ರೆ ಸಾಯ್ಲೇಬೇಕು ಅಂದೆ. ಹಾಗಾದ್ರೆ ಹತ್ತಿಸೋದೇ ಇಲ್ಲ ಅಂದ. ಯಾರಿಗೂ ಬಾಯಿ ಬಿಡಬಾರದು ಅಂತ ಮಾತು ತಗೊಂಡಿದ್ದೆ. ಪೆದ್ದ, ನಿನಗೂ ಹೇಳದೆ ಬೈಸ್ಕೊಂಡು ಕೂತಿದಾನೆ."

ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. *ಅವಳ ಸಾವು ಬರೆಯೋಕೆ ಕೈ ಬರಲ್ಲ...* ಅದೊಂದೇ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

ಆಮೇಲೆ ಥಟ್ಟನೆ ಇನ್ನೊಂದು ಹೊಳೆಯಿತು.

"ಮೇಡಂ... ರೇಡಿಯೋದವನು?"

"ಅವನು ಸಾಯ್ತಾನೆ. ಕೊನೇ ದೃಶ್ಯನೇ ಅವನದು. ಭೂಮಿ ಮೇಲಿರೋ ಅವಳ ಜೊತೆ ರೇಡಿಯೋದಲ್ಲಿ ಮಾತಾಡ್ತಾ ಆಡ್ತಾ, ಅರ್ಧ ಮಾತಿಗೆ ನಿಂತುಹೋಗುತ್ತೆ. ಚೆನ್ನಾಗಿದೆ, ಅಲ್ವಾ?"

ಅವಳು ಆಗಲೇ ಎದ್ದು ಓಡುತ್ತಿದ್ದಳು.

*

ಗೋದಾಮಿನಲ್ಲಿ ಅವನೊಬ್ಬನೇ ಇದ್ದ. ಆ ಒಂದೇ ಓಣಿಯ ನಡುವೆ ನಿಂತಿದ್ದ. ಕಣ್ಣು ಕೆಂಪಾಗಿತ್ತು. ಸಾವುಗಳನ್ನು ಬರೆಯುತ್ತಿದ್ದನೋ ಏನೋ.

"ನಿಮ್ಮನ್ನ ಯಾರ್ರೀ ಕೇಳಿದ್ರು?"

ಅವನು ಬೆಚ್ಚಿಬಿದ್ದ. "ಏನು?"

"ನನ್ನ ಉಳಿಸಿ ಅಂತ ನಿಮ್ಮನ್ನ ಕೇಳಿದೋರು ಯಾರು? ಹೆಡ್ಮಿಸ್ಸು ಎಲ್ಲಾ ಹೇಳಿದ್ರು!"

ಅವನ ಮುಖದ ಬಣ್ಣವೇ ಹಾರಿಹೋಯಿತು. "ಎಲ್ಲಾನೂ?"

"ಎಲ್ಲಾನೂ! ನಾನು ಕೆಳಗೆ ಕೂತು ರೇಡಿಯೋ ಕೇಳ್ಬೇಕಾ? ನೀವು ಅರ್ಧ ಮಾತಲ್ಲಿ ಹೋಗ್ಬಿಡ್ತೀರಾ... ಆಮೇಲೆ ನಾನು ಆ ಮಿಕ್ಕರ್ಧ ಮಾತಿಗೆ ಜೀವಮಾನ ಪೂರ್ತಿ ಕಾಯ್ತಾ ಕೂತಿರ್ಬೇಕಾ? ಇದು ಉಳಿಸೋದಾ? ಇದಕ್ಕಿಂತ ಸಾಯಿಸಿದ್ರೇ ಚೆನ್ನಾಗಿತ್ತಲ್ಲ!"

ಅವಳು ಏದುಸಿರು ಬಿಡುತ್ತಿದ್ದಳು. ಕಣ್ಣೀರು ಸುರಿಯುತ್ತಿತ್ತು. ನಲ್ಲಿ ಬಿಡದೆ, ಒಬ್ಬರ ಎದುರು ನಿಂತು ಹೀಗೆ ಅಳುತ್ತಿರುವುದು ಇದೇ ಮೊದಲು ಎಂದು ಅವಳಿಗೆ ಆಗ ಗೊತ್ತಾಗಲಿಲ್ಲ.

"ಅದು... ಕಥೆ ಕಣ್ರೀ," ಅವನು ತೊದಲಿದ.

"ಕಥೆನಾ? ಕಥೆ ಆಗಿದ್ರೆ ನಿನ್ನ ಕೈ ಯಾಕೆ ಬರ್ಲಿಲ್ಲ?"

*ನಿನ್ನ!* ಇಬ್ಬರಿಗೂ ಆ ಮಾತು ಒಟ್ಟಿಗೇ ತಾಗಿತು.

ಅವನು ಟೇಪು ಕಿತ್ತ ಕೋಣೆಯ ಕಡೆ ತಿರುಗಿದ.

"ಪ್ರಯತ್ನಪಟ್ಟೆ. ನಿಜವಾಗ್ಲೂ. ನಿನ್ನ ಕೋಣೇಲಿ ನಿಂತ್ಕೊಂಡು, ಇಲ್ಲಿಂದ ಎದ್ದಳು, ಬಾಗಿಲು ತೆಗೆದಳು, ಓಣಿಗೆ ಬಂದಳು ಅಂತ ಬರ್ದೆ. ಮುಂದಿನ ಸಾಲು ಬರಲೇ ಇಲ್ಲ. ಕೈಕಾಲು ತಣ್ಣಗಾಗ್ಬಿಡ್ತು. ಅವತ್ತೇ ಗೊತ್ತಾಗಿದ್ದು ನನಗೆ... ನೀನಿಲ್ದಿರೋ ಒಂದು ಜಗತ್ತು ಸುಮ್ಮನೆ ಕಲ್ಪಿಸ್ಕೊಳ್ಳೋಕೂ ನನ್ನಿಂದ ಆಗಲ್ಲ ಅಂತ. ಹೊಟ್ಟೆಪಾಡಿಗೆ ಸುಳ್ಳು ಬರೆಯೋವ್ನು ನಾನು. ಆ ಒಂದು ಸುಳ್ಳು ಮಾತ್ರ ಬರೆಯೋಕಾಗ್ಲಿಲ್ಲ."

"ಮತ್ತೆ ನೀನು ಸಾಯೋದನ್ನ ಹೇಗೆ ಬರ್ದೆ?"

"ಅದು ಸುಲಭ. ಅಲ್ಲಿ ನೀನಿಲ್ವಲ್ಲ."

ಇಂಥ ಹುಚ್ಚನನ್ನು ಏನು ಮಾಡಬೇಕು? ಬೈಯಬೇಕೇ? ಅಪ್ಪಿಕೊಳ್ಳಬೇಕೇ?

ಎರಡನ್ನೂ ಮಾಡಿದಳು. ಮೊದಲು ಅವನ ತೋಳಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ಅದೇ ತೋಳಿಗೆ ಹಣೆಯಿಟ್ಟು ಬಿಕ್ಕಿದಳು.

"ಕೇಳು... ನನ್ನ ಕೋಣೆ ವಾಪಸ್ ಕೊಡು."

"ಕೊಟ್ರೆ ಕೊನೇ ಕಂತಲ್ಲಿ ನೀನೂ..."

"ಗೊತ್ತು. ಹತ್ತಿದ್ರೆ ಸಾಯ್ಬೇಕು ಅಂತಾದ್ರೆ ಸಾಯ್ತೀನಿ. ಅಡುಗೆಯವರ ಜೊತೆ, ಡಾಕ್ಟ್ರ ಜೊತೆ, ನಿನ್ನ ಜೊತೆ. ನಾನೇ ಬರ್ದ ಹಡಗು ಅದು. ಅವರನ್ನೆಲ್ಲಾ ಬಿಟ್ಟು ನಾನೊಬ್ಬಳೇ ಕೆಳಗೆ ನಿಂತಿರ್ಲಾ? ಇನ್ಮೇಲೆ ನನ್ನ ವಿಷಯ ತೀರ್ಮಾನ ಮಾಡೋ ಮೊದ್ಲು ನನ್ನನ್ನ ಕೇಳು. ಕಥೆಯಲ್ಲಾಗ್ಲಿ, ಮನೆಯಲ್ಲಾಗ್ಲಿ."

"ಮನೆ?" ಅವನು ಕಣ್ಣರಳಿಸಿದ. "ಯಾವ ಮನೆ?"

ಅವಳು ನಾಲಿಗೆ ಕಚ್ಚಿಕೊಂಡಳು. ಬಾಯಿ ತಪ್ಪಿ ಬಂದುಬಿಟ್ಟಿತ್ತು! ಓಡಿಹೋಗೋಣ ಎಂದರೆ ಕಾಲು ಏಳಲಿಲ್ಲ.

"ಹೇಳೇ. ಯಾವ ಮನೆ?"

"ಯಾವುದಾದ್ರೂ ಒಂದು. ಮೊದಲು ನಮ್ಮಮ್ಮನ್ನ ಬಂದು ನೋಡು. ಕಾರಣ ಹೇಳದೆ ಮಗಳನ್ನ ಆಚೆ ಹಾಕಿದೋನು ಅಂತ ಕೋಪದಲ್ಲಿದಾರೆ."

"ಇವತ್ತೇ ಬರ್ತೀನಿ. ಬೈದ್ರೆ ಬೈಸ್ಕೋತೀನಿ, ಅಭ್ಯಾಸ ಆಗಿದೆ."

ಅವಳು ಕಣ್ಣೊರೆಸಿಕೊಂಡು ಹೊಸ ಸುರುಳಿ ತೆಗೆದಳು. ಇಬ್ಬರೂ ಮಂಡಿಯೂರಿದರು. ಅವನು ತುದಿ ಹಿಡಿದ, ಅವಳು ಎಳೆದಳು. ಒಂದು ಗೋಡೆ, ಎರಡು ಗೋಡೆ... ಅವಳ ಕೋಣೆ ಮತ್ತೆ ಎದ್ದಿತು. ಇನ್ನು ಉಳಿದದ್ದು ನಕ್ಷೆಯವಳ ಕೋಣೆಗೂ ರೇಡಿಯೋದವನ ಕೋಣೆಗೂ ನಡುವಿನದು ಮಾತ್ರ.

ಅವನು ಟೇಪಿನ ತುದಿ ಹಿಡಿದುಕೊಂಡು ಆಸೆಯಿಂದ ಅವಳ ಮುಖ ನೋಡಿದ. "ಇದು... ಬೇಕೇಬೇಕಾ?"

"ಬೇಕೇಬೇಕು," ಎಂದಳು ಅವಳು ಖಡಾಖಂಡಿತವಾಗಿ. "ಇಷ್ಟು ವರ್ಷಕ್ಕೆ ನನಗೊಂದು ಕೋಣೆ ಸಿಕ್ಕಿದೆ. ಪ್ರೀತಿ ಬಂತು ಅಂತ ಅದನ್ನ ಬಿಟ್ಕೊಡಲ್ಲ. ಹಡಗಲ್ಲೂ ಬಿಡಲ್ಲ, ಮನೇಲೂ ಬಿಡಲ್ಲ."

ಅವನು ಪೆಚ್ಚಾದ. ಮರುಕ್ಷಣವೇ ತಲೆಯಾಡಿಸಿದ. "ಸರಿ. ಮನೇಲೂ ನಿನಗೊಂದು ಕೋಣೆ. ಕಿಟಕಿ ಇರೋದೇ ನಿಂದು."

ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಕಿಟಕಿ ಕೊಟ್ಟಿರಲಿಲ್ಲ. ಹಳದಿ ಗೋಡೆ ಎಳೆದು ಮುಗಿಸಿದಳು. ಆಮೇಲೆ ಕೆಂಪು ಟೇಪು ತೆಗೆದುಕೊಂಡು ಆ ಗೋಡೆಯ ನಡುವೆ ಒಂದು ಸಣ್ಣ ತುಂಡು ಅಂಟಿಸಿದಳು.

"ಬಾಗಿಲು!" ಅವನ ಮುಖ ಅರಳಿತು. "ಚಿಲಕ ಯಾವ ಕಡೆ?"

"ನನ್ನ ಕಡೆ."

"ಅಯ್ಯೋ! ಮತ್ತೆ ನಾನು ಬರೋದು ಹೇಗೆ?"

ಅವಳು ತಲೆ ತಗ್ಗಿಸಿ ಆ ಕೆಂಪು ಟೇಪನ್ನು ಬೆರಳಿನಿಂದ ಒತ್ತುತ್ತಾ ಹೇಳಿದಳು.

"ನಾನು ಹಾಕ್ಕೊಂಡ್ರೆ ತಾನೆ?"